ಮೈಲೇಜ್ ಬಿತ್ತು ಅಂದ ಕೂಡಲೇ ಬೋರ್ ಮಾಡಿಸಬೇಕಾ?

ಓದುಗರ ಪ್ರಶ್ನೆ: ನನ್ನದು 2017ರ 100 ಸಿಸಿ ಬೈಕ್, ಕಾರ್ಬೊರೇಟರ್ ಇರುವುದು. 71 ಸಾವಿರ ಕಿ.ಮೀ. ಓಡಿದೆ. ನಮ್ಮೂರಿಂದ ತೀರ್ಥಹಳ್ಳಿ ಪೇಟೆಗೆ ಹೋಗಿ ಬರಲು ದಿನಕ್ಕೆ 44 ಕಿ.ಮೀ. ಮೊದಲು ಲೀಟರಿಗೆ 62 ಕೊಡುತ್ತಿದ್ದ ಗಾಡಿ ಈಗ 45ಕ್ಕೆ ಇಳಿದಿದೆ. ಮೂರು ತಿಂಗಳ ಹಿಂದೆ ಹಿಂದಿನ ಟೈರು, ಚೈನ್ ಸೆಟ್ ಎರಡೂ ಹೊಸದು ಹಾಕಿಸಿದೆ. ಟೈರು ಸ್ವಲ್ಪ ದಪ್ಪದ್ದು ಹಾಕಿದ್ದಾರೆ. ಇಂಜಿನ್ ಕಟಕಟ ಅಂತಿತ್ತು, ಆ ಶಬ್ದವನ್ನೂ ಅದೇ ಸಲ ಕಡಿಮೆ ಮಾಡಿಸಿದೆ. ಮಳೆಗಾಲ ಶುರುವಾದ ಮೇಲೆ ಬೆಳಿಗ್ಗೆ ಹತ್ತು ಹದಿನೈದು ಕಿಕ್ ಹೊಡೆಯದೆ ಸ್ಟಾರ್ಟ್ ಆಗುವುದಿಲ್ಲ. ಬಿಳಿ ಹೊಗೆ ಬರುತ್ತದೆ, ಸೈಲೆನ್ಸರಿನಿಂದ ನೀರು ತೊಟ್ಟಿಕ್ಕುತ್ತದೆ. ಏರಿನಲ್ಲಿ ಎಳೆಯುವುದಿಲ್ಲ. ಮೆಕ್ಯಾನಿಕ್ "ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ) ಹೋಗಿದೆ, ಹಾಫ್ ಇಂಜಿನ್ (ಇಂಜಿನ್ನಿನ ಮೇಲ್ಭಾಗ ಬಿಚ್ಚಿ ರಿಪೇರಿ) ಮಾಡಿಸಿ, ಒಂಬತ್ತು ಸಾವಿರ ಆಗುತ್ತೆ" ಅಂತಾರೆ. ಸ್ನೇಹಿತ "ಎಲ್ಲಾ ಎಥನಾಲ್ ಪೆಟ್ರೋಲಿನ ಕೆಲಸ" ಅಂತಾನೆ. ಹಿಂದೆ ಯೆಜ್ಡಿ ಓಡಿಸುತ್ತಿದ್ದ ಮಾವ "ಪೆಟ್ರೋಲಿಗೆ ಸ್ವಲ್ಪ ಟೂ-ಟಿ ಆಯಿಲ್ ಹಾಕು, ಸರಿ ಹೋಗುತ್ತೆ" ಅಂತಾರೆ. ನಾನು ಪ್ರತಿಸಲ 200 ರೂಪಾಯಿಯ ಪೆಟ್ರೋಲ್ ಹಾಕಿಸುತ್ತೇನೆ, ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಡುತ್ತೇನೆ. ಹೊಸ ಗಾಡಿ ತೆಗೆದುಕೊಳ್ಳುವ ಸ್ಥಿತಿ ಸದ್ಯಕ್ಕಿಲ್ಲ. ಯಾರ ಮಾತು ಕೇಳಲಿ?

ಉತ್ತರ: ಒಂಬತ್ತು ಸಾವಿರ ಖರ್ಚಾಗುವುದಕ್ಕಿಂತ, ಅಷ್ಟು ಖರ್ಚು ಮಾಡಿದ ಮೇಲೂ ಗಾಡಿ 45ರಲ್ಲೇ ನಿಂತರೆ ಏನು ಗತಿ ಅನ್ನುವುದು ನಿಮ್ಮ ನಿಜವಾದ ಚಿಂತೆ ಅಂತ ನನಗನ್ನಿಸುತ್ತದೆ. ಹಾಗಾಗುವುದೂ ಉಂಟು. ಬೋರ್ ಮಾಡಿಸಿಕೊಂಡು ಬಂದು "ಮೈಲೇಜ್ ಇನ್ನೂ ಅಷ್ಟೇ ಇದೆ" ಅನ್ನುವವರನ್ನು ನಮ್ಮ ಗ್ಯಾರೇಜಿನಲ್ಲಿ ನಾನು ನೋಡುತ್ತಲೇ ಇರುತ್ತೇನೆ.

ಈಗಲೇ ಇಂಜಿನ್ ಬಿಚ್ಚಿಸಬೇಡಿ. 71 ಸಾವಿರ ಓಡಿದ ಗಾಡಿಯ ಬೋರ್ ಸವೆದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದನ್ನೇ ಖಚಿತವಾಗಿ ತೋರಿಸುವ ಒಂದು ಗುರುತೂ ನಿಮ್ಮ ಪತ್ರದಲ್ಲಿಲ್ಲ. ನನ್ನ ಕಣ್ಣು ಬಿದ್ದಿದ್ದು ಬೇರೆ ಕಡೆ. ಟೈರು, ಚೈನ್, ಇಂಜಿನ್ ಶಬ್ದ, ಮೂರು ಕೆಲಸ ಒಂದೇ ಸಲ ಆಗಿವೆ. ತೊಂದರೆ ಶುರುವಾಗಿದ್ದೂ ಹೆಚ್ಚುಕಡಿಮೆ ಆಗಲೇ. ನೀವು ಮಳೆಯ ಮೇಲೆ ಅನುಮಾನ ಪಡುತ್ತಿದ್ದೀರಿ, ನನಗೆ ಆ ದಿನದ ಕೆಲಸದ ಮೇಲೇ ಜಾಸ್ತಿ ಅನುಮಾನ.

ಮೊದಲು ನಿಮ್ಮನ್ನು ಸುಮ್ನೆ ಹೆದರಿಸುತ್ತಿರುವ ವಿಷಯಗಳನ್ನು ಮುಗಿಸೋಣ.

ಸೈಲೆನ್ಸರಿನ ನೀರು. ಇದಕ್ಕೂ ಬೋರಿಗೂ ಸಂಬಂಧವೇ ಇಲ್ಲ. ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಸೈಲೆನ್ಸರ್ ಬಿಸಿ ಇದ್ದಾಗ ಅದು ಕಣ್ಣಿಗೆ ಕಾಣುವುದಿಲ್ಲ. ಮಲೆನಾಡಿನ ಮಳೆಗಾಲದ ಬೆಳಿಗ್ಗೆ ತಣ್ಣಗಿನ ತಗಡಿಗೆ ತಾಗಿದ ಆವಿ ಮತ್ತೆ ನೀರಾಗಿ ತೊಟ್ಟಿಕ್ಕುತ್ತದೆ. ನೀವು ಹೇಳುವ ಬಿಳಿ ಹೊಗೆಯೂ ಬಹುತೇಕ ಇದೇ ಆವಿ. ಎರಡು ಮೂರು ಕಿ.ಮೀ. ಓಡಿದ ಮೇಲೆ ನಿಂತುಹೋದರೆ ಯೋಚನೆ ಬೇಡ.

ನೋಡಬೇಕಾದದ್ದು ನೀಲಿ ಹೊಗೆಯನ್ನು. ಅದು ಆಯಿಲ್ ಉರಿಯುವ ಹೊಗೆ. ಮೂಗಿಗೆ ಸುಟ್ಟ ಎಣ್ಣೆಯ ವಾಸನೆ ಹೊಡೆಯುತ್ತದೆ, ಗಾಡಿ ಬಿಸಿಯಾದ ಮೇಲೂ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ಬುಸ್ ಅಂತ ನೀಲಿ ಹೊಗೆ ಬಂದು ನಿಂತರೆ ವಾಲ್ವ್ (ಇಂಜಿನ್ನಿನೊಳಗೆ ಮಿಶ್ರಣ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲು) ಸೀಲಿನ ಮೇಲೆ ಅನುಮಾನ. ಏರಿನಲ್ಲಿ ಎಕ್ಸಲೇಟರ್ ಕೊಟ್ಟಾಗಲೆಲ್ಲ ಬರುತ್ತಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್, ಬೋರಿನ ಮೇಲೆ ಅನುಮಾನ. ಇನ್ನು ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ಅರ್ಥ. ನಾಳೆ ಏರು ಹತ್ತುವಾಗ ಹಿಂದೆ ಇನ್ನೊಂದು ಗಾಡಿಯಲ್ಲಿ ಬರುವವರಿಗೆ ನೋಡಲು ಹೇಳಿ. ಓಡಿಸುವವರಿಗೆ ತಮ್ಮ ಗಾಡಿಯ ಹೊಗೆ ಕಾಣುವುದಿಲ್ಲ.

ನಿಮ್ಮ ಮಾವನವರ ಮಾತು ಅವರ ಕಾಲಕ್ಕೆ ಸರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳೆಲ್ಲ ಟೂ-ಸ್ಟ್ರೋಕ್. ಅವುಗಳ ಇಂಜಿನ್ನಿನ ಒಳಗೆ ಪಿಸ್ಟನ್ನಿಗೆ ಜಿಡ್ಡು ಸಿಗುತ್ತಿದ್ದುದೇ ಪೆಟ್ರೋಲಿಗೆ ಬೆರೆಸಿದ ಆಯಿಲಿನಿಂದ. ನಿಮ್ಮದು ಫೋರ್-ಸ್ಟ್ರೋಕ್. ಕೆಳಗೆ ಬೇರೆಯೇ ಆಯಿಲ್ ಇದೆ, ಅದು ಪಂಪಿನಿಂದ ಮೇಲೆ ಹೋಗುತ್ತದೆ. ಪೆಟ್ರೋಲಿಗೆ ಟೂ-ಟಿ ಹಾಕಿದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ವಾಲ್ವಿನ ಮೇಲೆ ಕಾರ್ಬನ್ ಕೂರುತ್ತದೆ. ಮೊದಲೇ ಸ್ಟಾರ್ಟಿಂಗ್ ತೊಂದರೆ ಇರುವ ಗಾಡಿಗೆ ಇದು ಬೇಡವೇ ಬೇಡ. ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಯೆಜ್ಡಿ ಓಡಿಸಿದವರು ಇಂಜಿನ್ ಶಬ್ದಕ್ಕೆ ಕಿವಿ ಕೊಡುವುದನ್ನು ಚೆನ್ನಾಗಿ ಕಲಿತಿರುತ್ತಾರೆ. ಆಮೇಲೆ ಅವರ ಕಿವಿ ಬೇಕಾಗುತ್ತದೆ.

ಎಥನಾಲ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಸ್ನೇಹಿತ ಪೂರ್ತಿ ತಪ್ಪಲ್ಲ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತ ಇ20 ಪೆಟ್ರೋಲ್. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯಲೇಬೇಕು. ಎಷ್ಟು? ನೀವು 62 ಪಡೆಯುತ್ತಿದ್ದ ಕಾಲದಲ್ಲೇ ಪೆಟ್ರೋಲಿಗೆ ನೂರಕ್ಕೆ 10ರಷ್ಟು ಎಥನಾಲ್ ಬೆರೆಯುತ್ತಿತ್ತು ಅಂದುಕೊಳ್ಳಿ. ಈಗ ಹೊಸದಾಗಿ ಸೇರಿದ್ದು ಇನ್ನೊಂದು 10. ಅದರ ಮೂರನೇ ಒಂದು ಭಾಗ ಅಂದರೆ ನೂರಕ್ಕೆ ಮೂರು, ಮೂರೂವರೆ. ನೀತಿ ಆಯೋಗ 2021ರಲ್ಲಿ ಹೊರತಂದ ಎಥನಾಲ್ ಮಾರ್ಗಸೂಚಿಯಲ್ಲೂ ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಿಗೆ ನೂರಕ್ಕೆ 3ರಿಂದ 4ರಷ್ಟು ನಷ್ಟ ಅಂತಲೇ ಇದೆ. ನಿಮ್ಮ ಲೆಕ್ಕಕ್ಕೆ ತಂದರೆ 62 ಇದ್ದದ್ದು 60 ಆಗಬೇಕು. ಉಳಿದ 15 ಕಿ.ಮೀ. ಎಲ್ಲಿ ಹೋಯಿತು ಅನ್ನುವುದಕ್ಕೆ ಎಥನಾಲ್ ಉತ್ತರ ಕೊಡುವುದಿಲ್ಲ.

ಬೆಳಗಿನ ಸ್ಟಾರ್ಟಿಂಗ್ ತೊಂದರೆಯಲ್ಲಿ ಮಾತ್ರ ಅದರ ಪಾಲು ಇರಬಹುದು. ಎಥನಾಲ್ ತಣ್ಣಗಿನ ಗಾಳಿಯಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ. ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೇ ಕಾರ್ಬೊರೇಟರಿನಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ. ಹೊಸ ಇಂಜೆಕ್ಷನ್ ಗಾಡಿಗಳಲ್ಲಿ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಹೆಚ್ಚಿಸುತ್ತದೆ, ನಿಮ್ಮದರಲ್ಲಿ ಆ ಏರ್ಪಾಡಿಲ್ಲ. ಇನ್ನೊಂದು, ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಸ್ವಲ್ಪ ನೀರಾದರೆ ಪೆಟ್ರೋಲಿನ ಜೊತೆಗೇ ಉರಿದು ಹೋಗುತ್ತದೆ. ಮಳೆಯಲ್ಲಿ ನಿಂತ ಗಾಡಿಯ ಟ್ಯಾಂಕ್ ಮುಚ್ಚಳದ ರಬ್ಬರ್ ಹಾಳಾಗಿದ್ದು ಜಾಸ್ತಿ ನೀರು ಇಳಿದರೆ, ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಕಾರ್ಬೊರೇಟರಿಗೆ ಪೈಪ್ ಹೋಗುವುದೂ ಟ್ಯಾಂಕಿನ ತಳದಿಂದಲೇ ಅಲ್ವಾ?

ಇದನ್ನು ನೋಡಲು ಗ್ಯಾರೇಜ್ ಬೇಕಿಲ್ಲ. ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ ಗಾಡಿ ನಿಲ್ಲಿಸಿ. ಹತ್ತಿರದಲ್ಲಿ ಬೀಡಿ, ಬೆಂಕಿ ಇರಬಾರದು. ಕಾರ್ಬೊರೇಟರಿನ ಬಟ್ಟಲಿನ ಕೆಳಗೆ ಒಂದು ಸ್ಕ್ರೂ ಇದೆ, ಅದರ ಪಕ್ಕದಿಂದ ಸಣ್ಣ ಪೈಪ್ ಕೆಳಗಿಳಿದಿರುತ್ತದೆ. ಪೈಪಿನ ತುದಿಯನ್ನು ಒಂದು ಗಾಜಿನ ಸೀಸೆಗೆ ಹಿಡಿದು ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲ ಮಾಡಿ. ಬಟ್ಟಲಿನಲ್ಲಿದ್ದದ್ದೆಲ್ಲ ಸೀಸೆಗೆ ಬರುತ್ತದೆ. ಹತ್ತು ನಿಮಿಷ ಅಲುಗಿಸದೆ ಇಡಿ. ಒಂದೇ ಬಣ್ಣ, ತಿಳಿಯಾಗಿದ್ದರೆ ಸರಿ. ನಡುವೆ ಗೆರೆ ಕಂಡರೆ, ಅಥವಾ ತಳದಲ್ಲಿ ಗುಳ್ಳೆಯಂತೆ ಉರುಳಾಡುವ ಹನಿ ಕಂಡರೆ ನೀರು ಬಂದಿದೆ. ತುಕ್ಕಿನ ಪುಡಿ ಕಂಡರೆ ಟ್ಯಾಂಕ್ ತೊಳೆಸುವ ಕೆಲಸವೂ ಇದೆ. ಆಗ ಟ್ಯಾಂಕ್ ಖಾಲಿ ಮಾಡಿಸಿ, ಮುಚ್ಚಳದ ರಬ್ಬರ್, ಪೆಟ್ರೋಲ್ ಪೈಪ್, ಕಾರ್ಬೊರೇಟರಿನ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಬಳೆ) ಬದಲಿಸಿ. 2017ರ ರಬ್ಬರು ಇಷ್ಟು ಹೊತ್ತಿಗೆ ಗಟ್ಟಿಯಾಗಿರುತ್ತದೆ, ಇವಕ್ಕೆ ಖರ್ಚೂ ಜಾಸ್ತಿ ಇಲ್ಲ. ದುಬಾರಿ ಪೆಟ್ರೋಲ್ ಹಾಕಿಸಬೇಕಾ ಅಂತ ಕೇಳುವವರೂ ಇದ್ದಾರೆ. 100 ಸಿಸಿ ಇಂಜಿನ್ನಿಗೆ ಹೆಚ್ಚು ಆಕ್ಟೇನಿನಿಂದ ಮೈಲೇಜ್ ಬರುವುದಿಲ್ಲ, ದುಡ್ಡು ಉಳಿಸಿಕೊಳ್ಳಿ.

ಇಷ್ಟಾದ ಮೇಲೆ ಒಂದು ಕಿರಿಕಿರಿಯ ಪ್ರಶ್ನೆ. 45 ಅನ್ನುವ ಲೆಕ್ಕ ಹೇಗೆ ಬಂತು? ಪ್ರತಿಸಲ 200 ರೂಪಾಯಿಯದು ಹಾಕಿಸಿದರೆ ಟ್ಯಾಂಕಿನಲ್ಲಿ ಮೊದಲು ಎಷ್ಟಿತ್ತು, ಆಮೇಲೆ ಎಷ್ಟು ಉಳಿಯಿತು ಗೊತ್ತಾಗುವುದಿಲ್ಲ. ಮುಳ್ಳು ನೋಡಿ ಅಂದಾಜು ಹಾಕಿದರೆ ಐದಾರು ಕಿ.ಮೀ. ಹೆಚ್ಚುಕಡಿಮೆ ಆಗಿಬಿಡುತ್ತದೆ. ಒಂದು ಸಲ ಮಾತ್ರ ಮನಸ್ಸು ಗಟ್ಟಿ ಮಾಡಿ ಟ್ಯಾಂಕ್ ತುಂಬಿಸಿ. ಗಾಡಿ ಡಬಲ್ ಸ್ಟ್ಯಾಂಡಿನಲ್ಲಿರಲಿ, ಬಂಕಿನ ನಾಜಲ್ ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಲಿ. ಮೀಟರ್ ಬರೆದಿಟ್ಟುಕೊಳ್ಳಿ. ಕಡಿಮೆಯೆಂದರೆ 300 ಕಿ.ಮೀ. ಓಡಿಸಿ, ಅಂದರೆ ನಿಮಗೆ ಒಂದು ವಾರ. ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಅದೇ ರೀತಿ ನಿಲ್ಲಿಸಿ ಮತ್ತೆ ತುಂಬಿಸಿ. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. 300 ಓಡಿ 6 ಲೀಟರ್ ಹಿಡಿದರೆ 50. ಏನು ರಿಪೇರಿ ಮಾಡಿಸಿದರೂ ಅದಕ್ಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ಹೀಗೆ ಅಳೆಯಿರಿ. ಇಲ್ಲದಿದ್ದರೆ ಯಾವ ರಿಪೇರಿಯಿಂದ ಏನು ಬದಲಾಯಿತು ಅಂತ ನಿಮಗೂ ಗೊತ್ತಾಗುವುದಿಲ್ಲ, ಮೆಕ್ಯಾನಿಕ್ಕಿಗೂ ಗೊತ್ತಾಗುವುದಿಲ್ಲ.

ಈಗ ಆ ಒಂದೇ ದಿನದ ಮೂರು ಕೆಲಸಕ್ಕೆ ಬರುತ್ತೇನೆ.

ಚೈನ್ ಸೆಟ್ ಹಾಕಿದಾಗ ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆದು ಚೈನ್ ಬಿಗಿ ಮಾಡುತ್ತಾರೆ. ಚಕ್ರ ಹಿಂದಕ್ಕೆ ಹೋದರೆ ಅದರ ಜೊತೆ ಬ್ರೇಕ್ ಡ್ರಮ್ಮಿನ ತೋಳೂ ಹಿಂದಕ್ಕೆ ಹೋಗುತ್ತದೆ. ಆದರೆ ಪೆಡಲಿನಿಂದ ಬರುವ ಬ್ರೇಕ್ ರಾಡಿನ ಉದ್ದ ಅಷ್ಟೇ ಇರುತ್ತದೆ. ಹಾಗಾಗಿ ರಾಡಿನ ತುದಿಯ ನಟ್ಟನ್ನು ಸಡಿಲ ಮಾಡದೆ ಬಿಟ್ಟರೆ ನೀವು ಪೆಡಲ್ ಮುಟ್ಟದಿದ್ದರೂ ಬ್ರೇಕ್ ಸ್ವಲ್ಪ ಹಿಡಿದೇ ಇರುತ್ತದೆ. ಕೆಲಸದ ಗಡಿಬಿಡಿಯಲ್ಲಿ ಈ ನಟ್ಟು ಮರೆತುಹೋಗುವುದು ತುಂಬಾ ಸಾಮಾನ್ಯ. ಮೇಲೆ ನಿಮ್ಮ ಕಡೆಯ ಕೆಂಪು ಮಣ್ಣಿನ ನೀರು ಡ್ರಮ್ಮಿನೊಳಗೆ ಹೋಗಿ, ಬ್ರೇಕ್ ಕ್ಯಾಮ್ (ಬ್ರೇಕ್ ಶೂಗಳನ್ನು ಅಗಲಿಸುವ ತುಂಡು) ಒಣಗಿ ಬಿಗಿಯಾಗಿದ್ದರೆ, ಒತ್ತಿದ ಬ್ರೇಕ್ ಪೂರ್ತಿ ಹಿಂದಕ್ಕೆ ಬಿಡುವುದೂ ಇಲ್ಲ. ಏರಿನಲ್ಲಿ ಎಳೆಯದೇ ಇರಲು ಇಷ್ಟು ಸಾಕು.

ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಇಂಜಿನ್ ಬಂದ್ ಇರಲಿ. ಹಿಂದಿನ ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿ ಬಿಡಿ. ಒಂದೆರಡು ಸುತ್ತಾದರೂ ಸರಾಗವಾಗಿ ತಿರುಗಬೇಕು. ಕೈಬಿಟ್ಟ ಕೂಡಲೇ ಸರ್ ಅಂತ ಉಜ್ಜಿ ನಿಂತರೆ ಬ್ರೇಕ್ ಹಿಡಿದಿದೆ. ಆಗ ಬ್ರೇಕ್ ರಾಡಿನ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಮತ್ತೆ ತಿರುಗಿಸಿ ನೋಡಿ. ಪೆಡಲ್ ತುದಿಯಲ್ಲಿ ಬ್ರೇಕ್ ಹಿಡಿಯುವ ಮೊದಲು ಎರಡು, ಎರಡೂವರೆ ಸೆಂ.ಮೀ. ಆಟ ಇರಬೇಕು. ಇದಾದ ಮೇಲೆ ಮನೆಯ ಮುಂದೆಯೇ ನಿಧಾನಕ್ಕೆ ಓಡಿಸಿ ಬ್ರೇಕ್ ಸರಿಯಾಗಿ ಹಿಡಿಯುತ್ತದಾ ಅಂತ ನೋಡಿಕೊಂಡೇ ರಸ್ತೆಗೆ ಇಳಿಯಿರಿ. ಓಡಿಸುವಾಗ ಪೆಡಲಿನ ಮೇಲೆ ಕಾಲು ಇಟ್ಟುಕೊಂಡೇ ಇರುವ ಅಭ್ಯಾಸ ಇದೆಯಾ ಅಂತಲೂ ಗಮನಿಸಿ.

ಚೈನು ಬಿಗಿ ಇದ್ದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಸೀಟಿನ ಮೇಲೆ ನೀವು ಕೂತು, ಹಿಂದೆ ಇನ್ನೊಬ್ಬರು ಕೂತಾಗ ಚೈನ್ ಇನ್ನೂ ಬಿಗಿಯಾಗುತ್ತದೆ. ಮೊದಲೇ ತಂತಿಯಂತೆ ಎಳೆದಿಟ್ಟರೆ ಗೇರ್‌ಬಾಕ್ಸಿನ ಬೇರಿಂಗ್, ಚಕ್ರದ ಬೇರಿಂಗ್ ಎರಡೂ ಸವೆಯುತ್ತವೆ, ಚೈನೂ ಬೇಗ ಹೋಗುತ್ತದೆ. 100 ಸಿಸಿ ಗಾಡಿಗಳಲ್ಲಿ ಚೈನಿನ ಮಧ್ಯಭಾಗ ಮೇಲೆ ಕೆಳಗೆ ಸೇರಿ ಎರಡೂವರೆಯಿಂದ ಮೂರು ಸೆಂ.ಮೀ. ಆಡಬೇಕು. ಒಂದೇ ಜಾಗದಲ್ಲಿ ನೋಡಿ ಬಿಡಬೇಡಿ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಕ್ಕಿಂತ ಬಿಗಿ ಇರುವ ಜಾಗದಲ್ಲಿ ಈ ಅಳತೆ ಇರಲಿ. ಎರಡೂ ಬದಿಯ ಅಡ್ಜಸ್ಟರಿನ ಗೆರೆ ಸಮ ಇರಬೇಕು, ಇಲ್ಲದಿದ್ದರೆ ಚಕ್ರವೇ ಸೊಟ್ಟ ಕೂತಿರುತ್ತದೆ. ಚೈನ್ ತೊಳೆಯಲು ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು. ಒರೆಸಿ ಒಣಗಿಸಿ ತೊಂಬತ್ತರ (ಎಸ್‌ಎಇ 90 ದರ್ಜೆಯ) ಗೇರ್ ಆಯಿಲ್ ಹಚ್ಚಿ. ಇಂಜಿನ್ನಿನಿಂದ ತೆಗೆದ ಕರಿ ಆಯಿಲ್ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಯಾವತ್ತೂ ಇಂಜಿನ್ ಸ್ಟಾರ್ಟ್ ಮಾಡಿ, ಗೇರ್ ಹಾಕಿ ಚೈನಿಗೆ ಬಟ್ಟೆ ಹಿಡಿಯಬೇಡಿ. ಬೆರಳು ಕಳೆದುಕೊಂಡವರನ್ನು ನಾನು ಬಲ್ಲೆ.

ಹಳೇ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಇಟ್ಟುಕೊಂಡಿದ್ದರೆ ಅದರ ಹಲ್ಲು ಎಣಿಸಿ, ಹೊಸದರ ಹಲ್ಲೂ ಎಣಿಸಿ. ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂತ ಬೇರೆ ಮಾಡೆಲ್ಲಿನದ್ದು ಹಾಕಿರುವುದುಂಟು. ಹಿಂದಿನ ಹಲ್ಲು ಎರಡು ಕಡಿಮೆಯಾದರೂ ಏರಿನಲ್ಲಿ ಗಾಡಿ ಒದ್ದಾಡುತ್ತದೆ, ನೀವು ಮೂರನೇ ಗೇರಿನಲ್ಲೇ ಹತ್ತಬೇಕಾಗುತ್ತದೆ. ದಪ್ಪ ಟೈರು ಇದನ್ನೇ ಇನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಉದಾಹರಣೆಗೆ 2.75-18 ಇದ್ದ ಕಡೆ 3.00-18 ಹಾಕಿದರೆ ಚಕ್ರದ ಸುತ್ತಳತೆ ನೂರಕ್ಕೆ ಎರಡರಷ್ಟು ದೊಡ್ಡದಾಗುತ್ತದೆ, ತೂಕ ಹೆಚ್ಚು, ಉಜ್ಜಾಟವೂ ಹೆಚ್ಚು. ನೋಡಲು ಚೆನ್ನಾಗಿರುತ್ತದೆ ಅಂತ ಹಾಕಿಸುವವರು ತುಂಬಾ ಜನ, ಆದರೆ ದಿನಾ ಓಡಾಡುವ 100 ಸಿಸಿ ಗಾಡಿಗೆ ಕಂಪನಿ ಕೊಟ್ಟ ಅಳತೆಯೇ ಸರಿ. ಮುಂದಿನ ಟೈರನ್ನು ಬದಲಿಸಿಲ್ಲದಿರುವುದು ಒಳ್ಳೆಯದಾಯಿತು. ಕೇಬಲ್ ಮೀಟರ್ ಇರುವ ಇಂಥ ಗಾಡಿಗಳಲ್ಲಿ ಕಿ.ಮೀ. ಲೆಕ್ಕ ಬರುವುದು ಮುಂದಿನ ಚಕ್ರದಿಂದ. ಅದು ಬದಲಾಗಿದ್ದರೆ ಮೈಲೇಜ್ ಲೆಕ್ಕವೇ ಸುಳ್ಳಾಗುತ್ತಿತ್ತು. ಗಾಳಿ ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ನೋಡಿಸಿ. ಸಾಮಾನ್ಯವಾಗಿ ಮುಂದೆ 25 ಪಿಎಸ್‌ಐ, ಒಬ್ಬರೇ ಇದ್ದರೆ ಹಿಂದೆ 28. ಇಬ್ಬರಿದ್ದರೆ ಹಿಂದೆ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿರುತ್ತದೆ.

ಮೂರನೆಯದು, ಶಬ್ದ ಕಡಿಮೆ ಮಾಡಿಸಿದ್ದು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದೇ ಸಾಲು.

ಆ ಕಟಕಟ ಬಹುಶಃ ಟ್ಯಾಪೆಟ್ಟಿನದ್ದು. ವಾಲ್ವನ್ನು ಒತ್ತುವ ರಾಕರ್‌ಗೂ ವಾಲ್ವಿನ ತುದಿಗೂ ನಡುವೆ ಬೇಕೆಂದೇ ಸ್ವಲ್ಪ ಸಂದು ಬಿಟ್ಟಿರುತ್ತಾರೆ. ಹೆಚ್ಚಿನ 100 ಸಿಸಿ ಗಾಡಿಗಳಲ್ಲಿ ಅದು 0.05ರಿಂದ 0.10 ಮಿ.ಮೀ., ಅಂದರೆ ಒಂದು ತಲೆಕೂದಲಿನಷ್ಟು. ಇಂಜಿನ್ ಕಾದಾಗ ವಾಲ್ವ್ ಹಿಗ್ಗುತ್ತದೆ, ಅದಕ್ಕೆ ಈ ಜಾಗ. ಸಂದು ಜಾಸ್ತಿಯಾದರೆ ಕಟಕಟ ಶಬ್ದ ಬರುತ್ತದೆ. ಸಂದು ಇಲ್ಲವೇ ಇಲ್ಲ ಅಂದರೆ ಇಂಜಿನ್ ಹಾಯಾಗಿ, ಮೆತ್ತಗೆ ಓಡುತ್ತದೆ, ಗಿರಾಕಿಗೂ ಖುಷಿ. ಆದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕಂಪ್ರೆಷನ್, ಅಂದರೆ ಪಿಸ್ಟನ್ ಒತ್ತಿ ಹಿಡಿದ ಮಿಶ್ರಣದ ಒತ್ತಡ, ಸೋರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಆಗಲು ಒದ್ದಾಡುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಮೈಲೇಜ್ ಬೀಳುತ್ತದೆ. ಈ ಗುರುತುಗಳನ್ನು ನೋಡಿದ ಯಾರಿಗಾದರೂ ಬೋರ್ ಹೋಗಿದೆ ಅಂತಲೇ ಅನ್ನಿಸುತ್ತದೆ. ಕಿಕ್ ಹೊಡೆದಾಗ ಕಾಲಿಗೆ ಸಿಗಬೇಕಾದ ಗಟ್ಟಿತನ ಕೂಡ ಎರಡರಲ್ಲೂ ಒಂದೇ ರೀತಿ ಕಡಿಮೆಯಾಗಿರುತ್ತದೆ. ವಾಲ್ವಿನ ಬಿಸಿ ಇಳಿಯುವುದು ಅದು ತನ್ನ ಸೀಟಿಗೆ (ವಾಲ್ವ್ ಮುಚ್ಚಿ ಕೂರುವ ಅಂಚಿಗೆ) ಅಂಟಿ ಕೂತಾಗ. ಕೂರದೇ ಹೋದರೆ ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟುಹೋಗುತ್ತದೆ. ಹಾಗಾಗಿ ಇದನ್ನು ತಿಂಗಳುಗಟ್ಟಲೆ ಬಿಡಬೇಡಿ.

ಟ್ಯಾಪೆಟ್ಟನ್ನು ತಣ್ಣಗಿನ ಇಂಜಿನ್ನಿನಲ್ಲೇ ಸೆಟ್ ಮಾಡಬೇಕು. ರಾತ್ರಿ ಗಾಡಿ ಗ್ಯಾರೇಜಿನಲ್ಲೇ ಬಿಟ್ಟು ಬೆಳಿಗ್ಗೆ ಮೊದಲ ಕೆಲಸ ಅದೇ ಮಾಡಿಸಿ. ಮ್ಯಾಗ್ನೆಟ್‌ನ "ಟಿ" ಗುರುತು ಗೆರೆಗೆ ಬಂದು, ಎರಡೂ ರಾಕರ್ ಸಡಿಲ ಇರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಅಳೆಯಬೇಕು. ಕೈಯಲ್ಲಿ ಅಲ್ಲಾಡಿಸಿ ಅಂದಾಜು ಮಾಡುವ ಹಳೇ ಕೈಗಳೂ ಇವೆ. ಕೆಲವರದ್ದು ನಿಜಕ್ಕೂ ಸರಿಯಾಗಿರುತ್ತದೆ, ಆದರೆ ನಿಮ್ಮ ಗಾಡಿಯ ಈ ಪರಿಸ್ಥಿತಿಯಲ್ಲಿ ಗೇಜ್ ಹಾಕಿಯೇ ನೋಡಲಿ ಅಂತ ಕೇಳಿ. ಸೆಟ್ ಆದ ಮೇಲೆ ಸಣ್ಣಗೆ ಟಿಕ್ ಟಿಕ್ ಶಬ್ದ ಕೇಳಿದರೆ ಹೆದರಬೇಡಿ, ಅದು ಇರಬೇಕಾದ ಶಬ್ದ. ಮಾವನವರ ಕಿವಿ ಬೇಕು ಅಂದಿದ್ದು ಇಲ್ಲಿಗೇ. ಹಳೇ ಕಟಕಟಕ್ಕೂ ಈ ಟಿಕ್ ಟಿಕ್ಕಿಗೂ ವ್ಯತ್ಯಾಸ ಅವರಿಗೆ ಗೊತ್ತಾಗುತ್ತದೆ.

ಅದೇ ದಿನ ಪ್ಲಗ್ ಬಿಚ್ಚಿಸಿ ನೀವೇ ಕೈಯಲ್ಲಿ ಹಿಡಿದು ನೋಡಿ. ತುದಿ ತಿಳಿ ಕಂದು ಬಣ್ಣ ಇದ್ದರೆ ಉರಿತ ಸರಿ ಇದೆ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಚೋಕ್ ಪೂರ್ತಿ ಹಿಂದಕ್ಕೆ ಬಂದಿಲ್ಲ, ಏರ್ ಫಿಲ್ಟರ್ ಕಟ್ಟಿಕೊಂಡಿದೆ ಅಥವಾ ಕಾರ್ಬೊರೇಟರಿನ ಫ್ಲೋಟ್ (ಬಟ್ಟಲಿನ ಪೆಟ್ರೋಲ್ ಮಟ್ಟ ಕಾಯುವ ತೇಲು) ತೊಂದರೆ. ಒದ್ದೆ, ಜಿಡ್ಡು ಜಿಡ್ಡು ಕಪ್ಪಿದ್ದರೆ ಆಯಿಲ್ ಮೇಲೆ ಬರುತ್ತಿದೆ, ಆಗ ಬೋರಿನ ಮಾತಿಗೆ ಬೆಲೆ ಬರುತ್ತದೆ. ಮಳೆಗಾಲದಲ್ಲಿ ಪ್ಲಗ್ ಕ್ಯಾಪಿನೊಳಗೆ ನೀರು ಕೂತಿದ್ದರೂ ಬೆಳಿಗ್ಗೆ ಹತ್ತು ಕಿಕ್ ಬೇಕಾಗುತ್ತದೆ, ಒಣಗಿದ ಬಟ್ಟೆಯಿಂದ ಒರೆಸಿ ನೋಡಿ. ಏರ್ ಫಿಲ್ಟರ್ ಎಣ್ಣೆ ಸವರಿದ ಕಾಗದದ್ದಾಗಿದ್ದರೆ ಗಾಳಿ ಹೊಡೆಸಿ ಮತ್ತೆ ಹಾಕಬೇಡಿ, 15 ಸಾವಿರ ಕಿ.ಮೀ. ಸುತ್ತ ಹೊಸದೇ ಹಾಕಿ, ಮಣ್ಣು ರಸ್ತೆ ಜಾಸ್ತಿ ಇದ್ದರೆ ಇನ್ನೂ ಬೇಗ.

ಕ್ಲಚ್ ಕೂಡ ಒಮ್ಮೆ ನೋಡಿ. ಏರಿನಲ್ಲಿ ಇಂಜಿನ್ ಶಬ್ದ ಏರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಅಂತಿದ್ದರೆ ಕ್ಲಚ್ ಜಾರುತ್ತಿದೆ. ಲಿವರಿನ ತುದಿಯಲ್ಲಿ ಒಂದರಿಂದ ಎರಡು ಸೆಂ.ಮೀ. ಆಟ ಇರಲಿ. ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ (JASO MA) ಅಥವಾ ಎಂಎ2 ಅಂತ ಬೈಕ್ ಆಯಿಲಿನ ದರ್ಜೆ ಇರಬೇಕು. ಕಾರಿನ ಆಯಿಲ್ ಹಾಕಿದರೆ ಆಯಿಲಿನಲ್ಲೇ ಮುಳುಗಿರುವ ನಮ್ಮ ಬೈಕಿನ ಕ್ಲಚ್ ಜಾರಬಹುದು.

ಒಂದು ಎಚ್ಚರಿಕೆ. "ಮೈಲೇಜ್ ಸೆಟ್ಟಿಂಗ್ ಮಾಡಿಕೊಡ್ತೀನಿ" ಅಂತ ಕಾರ್ಬೊರೇಟರ್ ಸ್ಕ್ರೂ ತಿರುಗಿಸುವುದು, ಸಣ್ಣ ಜೆಟ್ (ಪೆಟ್ರೋಲ್ ಹೋಗುವ ತೂತಿನ ತುಂಡು) ಹಾಕುವುದು ಮಾಡುತ್ತಾರೆ. ಇ20ಯಿಂದ ಮಿಶ್ರಣ ಮೊದಲೇ ತೆಳುವಾಗಿದೆ. ಇನ್ನೂ ತೆಳು ಮಾಡಿದರೆ ಇಂಜಿನ್ ಜಾಸ್ತಿ ಕಾಯುತ್ತದೆ, ಪಿಕಪ್ ಹೋಗುತ್ತದೆ, ಕಡೆಗೆ ವಾಲ್ವ್ ಸುಡುತ್ತದೆ. ಕಾರ್ಬೊರೇಟರ್ ಬಿಚ್ಚಿ ತೊಳೆಸಿ, ಕಂಪನಿ ಹೇಳಿದ ಸೆಟ್ಟಿಂಗಿನಲ್ಲೇ ಬಿಡಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದನ್ನು ಇವತ್ತಿಗೇ ನಿಲ್ಲಿಸಿ. ಉಳಿಯುವ ಪೆಟ್ರೋಲ್ ಲೆಕ್ಕಕ್ಕೆ ಬರುವಷ್ಟಿಲ್ಲ. ಇಂಜಿನ್ನಿನ ಹಿಡಿತ ಇಲ್ಲದಿದ್ದರೆ ಇಳಿಯುವ ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ. ಆಗುಂಬೆ ಘಾಟಿಯಂಥ ಉದ್ದ ಇಳಿಜಾರಿನಲ್ಲಿ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಕಡಿಮೆಯಾಗುತ್ತದೆ, ಒದ್ದೆ ರಸ್ತೆ ಬೇರೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಕ್ಸಲೇಟರ್ ಬಿಟ್ಟು ಇಳಿಸಿ.

ಇಷ್ಟೂ ಕೆಲಸಕ್ಕೆ, ಪ್ಲಗ್, ಏರ್ ಫಿಲ್ಟರ್, ರಬ್ಬರ್ ಭಾಗ ಸೇರಿ ಎರಡು ಸಾವಿರದ ಸುತ್ತ ಮುಗಿಯಬೇಕು. ಆಮೇಲೂ ಮೈಲೇಜ್ 50 ದಾಟದಿದ್ದರೆ ಆಗ ಬೋರಿನ ವಿಚಾರ ಮಾತಾಡೋಣ. ಆಗಲೂ ಪುರಾವೆ ಇಲ್ಲದೆ ಬೇಡ. ಎರಡು ಪುರಾವೆ ಸಾಕು.

ಮೊದಲನೆಯದು ಆಯಿಲ್. ಹೊಸ ಆಯಿಲ್ ಹಾಕಿಸಿದ ದಿನ ಗಾಡಿ ಸಮತಟ್ಟಿನಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ಆಯಿಲ್ ಅಳೆಯುವ ಕಡ್ಡಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಕಡ್ಡಿಯನ್ನು ತಿರುಗಿಸದೆ ಸುಮ್ನೆ ಇಳಿಬಿಟ್ಟು ತೆಗೆಯಬೇಕು, ಪುಸ್ತಕದಲ್ಲಿ ಹೇಗಿದೆ ನೋಡಿಕೊಳ್ಳಿ. ಸಾವಿರ ಕಿ.ಮೀ. ಆದ ಮೇಲೆ ಅದೇ ರೀತಿ ನೋಡಿ. ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಇಳಿದಿದ್ದು, ಎಲ್ಲೂ ಹೊರಗೆ ಸೋರಿಲ್ಲ ಅಂದರೆ ಆಯಿಲ್ ಉರಿಯುತ್ತಿದೆ. ಹಾಗೇ ಇದ್ದರೆ ಬೋರ್ ಮಾಡಿಸಲು ಅವಸರವೇನೂ ಇಲ್ಲ.

ಎರಡನೆಯದು ಕಂಪ್ರೆಷನ್ ಗೇಜ್. ಟ್ಯಾಪೆಟ್ ಸೆಟ್ ಆದ ಮೇಲೆ, ಇಂಜಿನ್ ಬಿಸಿ ಇರುವಾಗ, ಪ್ಲಗ್ ಜಾಗಕ್ಕೆ ಗೇಜ್ ಹಾಕಿ, ಎಕ್ಸಲೇಟರ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಹೊಡೆಯಬೇಕು. ಎಷ್ಟಿರಬೇಕು ಅನ್ನುವುದು ಮಾಡೆಲ್ಲಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಮುಳ್ಳು ಚೆನ್ನಾಗಿ ಮೇಲೆ ಹೋದರೆ ರಿಂಗ್, ಬೋರ್ ಸವೆದಿದೆ. ಆಯಿಲ್ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚಿತು ಅಂತ. ಮುಳ್ಳು ಅಷ್ಟೇ ಇದ್ದರೆ ಸೋರುತ್ತಿರುವುದು ವಾಲ್ವ್. ಆಗ ಹೆಡ್ (ವಾಲ್ವ್ ಇರುವ ಇಂಜಿನ್ನಿನ ತಲೆಭಾಗ) ಮಾತ್ರ ಇಳಿಸಿ ವಾಲ್ವ್ ಗ್ರೈಂಡಿಂಗ್, ವಾಲ್ವ್ ಸೀಲ್ ಮಾಡಿಸಿದರೆ ಸಾಕು, ಅರ್ಧ ಖರ್ಚೂ ಆಗುವುದಿಲ್ಲ.

ನಿಮ್ಮ ಮೆಕ್ಯಾನಿಕ್ ಮೋಸ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಟ್ಯಾಪೆಟ್, ಬ್ರೇಕ್ ಅಂತ ಅರ್ಧ ದಿನ ಹುಡುಕಿದರೆ ಅವರಿಗೆ ಸಿಗುವುದು ಇನ್ನೂರು ಮುನ್ನೂರು. ಗಿರಾಕಿ "ಅಷ್ಟಕ್ಕೇ ಇಷ್ಟಾ?" ಅಂತ ಅದಕ್ಕೂ ಚೌಕಾಸಿ ಮಾಡುತ್ತಾನೆ. ಹುಡುಕುವ ಕೆಲಸಕ್ಕೂ ಕೂಲಿ ಕೊಡುತ್ತೇನೆ ಅಂತ ಮೊದಲೇ ಹೇಳಿ ನೋಡಿ, ಕೆಲಸದ ರೀತಿಯೇ ಬೇರೆ ಆಗುತ್ತದೆ.

ಬೋರ್ ಮಾಡಿಸಲೇಬೇಕು ಅಂತಾದರೆ ಎರಡು ದಾರಿ. ಹಳೇ ಸಿಲಿಂಡರ್ ಬ್ಲಾಕನ್ನು ಲೇತಿನಲ್ಲಿ ಕೊರೆಸಿ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ (ದೊಡ್ಡ ಅಳತೆಯ) ಪಿಸ್ಟನ್ ಹಾಕುವುದು ಅಗ್ಗ, ಆದರೆ ಪೂರ್ತಿ ಲೇತಿನವರ ಕೈಯಲ್ಲಿದೆ. ಸೊಟ್ಟ ಕೊರೆದರೆ ಐದಾರು ಸಾವಿರ ಕಿ.ಮೀ.ಗೆ ಮತ್ತೆ ಹೊಗೆ. ಬ್ಲಾಕ್-ಪಿಸ್ಟನ್ ಕಿಟ್ ಹೊಸದೇ ತಂದರೆ ಆ ಅಪಾಯ ಕಡಿಮೆ, ಆದರೆ ನಕಲಿ ಮಾಲಿನ ಕಾಟ. ಬಿಲ್ ಇಲ್ಲದೆ ತರಬೇಡಿ. ಯಾವುದೇ ಆದರೂ ಬಿಚ್ಚಿದ ಹಳೇ ಪಿಸ್ಟನ್, ರಿಂಗನ್ನು ತೋರಿಸಿ ಅಂತ ಕೇಳಿ ಮನೆಗೆ ತನ್ನಿ. ಕೆಳಗಿನ ಕ್ರ್ಯಾಂಕ್ ಕೇಸನ್ನು ಕಾರಣ ಇಲ್ಲದೆ ಬಿಚ್ಚಲು ಬಿಡಬೇಡಿ. ಆಮೇಲೆ ಮೊದಲ 500 ಕಿ.ಮೀ. ಐವತ್ತರ ಒಳಗೇ ಓಡಿಸಿ, ಒಂದೇ ವೇಗದಲ್ಲಿ ತುಂಬಾ ಹೊತ್ತು ಬೇಡ, ಏರಿನಲ್ಲಿ ಗೇರ್ ಇಳಿಸಿಯೇ ಹತ್ತಿಸಿ. 500ಕ್ಕೆ ಆಯಿಲ್ ಬದಲಿಸಿ.

ಸದ್ಯಕ್ಕೆ ಬ್ರೇಕ್ ನಟ್ಟು ಇವತ್ತೇ ನೋಡಿ, ಟ್ಯಾಪೆಟ್ ಈ ವಾರ ಮಾಡಿಸಿ. ಟ್ಯಾಂಕ್ ತುಂಬಿಸಿ ಅಳೆದ ಮೈಲೇಜ್, ಕಂಪ್ರೆಷನ್ ಗೇಜಿನ ಎರಡು ಅಂಕಿ, ಸಾವಿರ ಕಿ.ಮೀ.ಗೆ ಇಳಿದ ಆಯಿಲ್, ಜೊತೆಗೆ ಸ್ಪ್ರಾಕೆಟ್ ಹಲ್ಲಿನ ಲೆಕ್ಕ, ಇಷ್ಟನ್ನು ಬರೆದು ಕಳಿಸಿ. ಒಂಬತ್ತು ಸಾವಿರ ಬೇಕೋ ಬೇಡವೋ ಅಂತ ಆಗ ಧೈರ್ಯವಾಗಿ ಹೇಳುತ್ತೇನೆ.